ಅಜ್ಜನ ಪೆಟ್ಟಿಗೆ ಮೊದಲು, ಪುಸ್ತಕ ಆಮೇಲೆ

ಪ್ರಶ್ನೆ: ನಮ್ಮದು ಎಣ್ಮಕಜೆ ಪಂಚಾಯತು, ಪೆರ್ಲದ ಹತ್ತಿರ. ಅಜ್ಜ ಇಲ್ಲೇ ಅನುದಾನಿತ ಶಾಲೆಯಲ್ಲಿ ಕನ್ನಡ ಪಂಡಿತರಾಗಿದ್ದರು. ಕವಿತೆ ಬರೆಯುತ್ತಿದ್ದರು. ಕುಂಬಳೆ ಸೀಮೆಯ ಇತಿಹಾಸ, ಶಾಸನ, ಯಕ್ಷಗಾನ ಪ್ರಸಂಗಗಳ ಮೇಲೆ ಲೇಖನಗಳನ್ನೂ ಬರೆದಿದ್ದರಂತೆ. ಎರಡು ಕವನ ಸಂಕಲನ ಅಚ್ಚಾಗಿವೆ, ಉಳಿದದ್ದೆಲ್ಲ ಅಟ್ಟದ ಮೇಲೆ ಎರಡು ತಗಡಿನ ಪೆಟ್ಟಿಗೆಗಳಲ್ಲಿದೆ. ತೀರಿಕೊಂಡದ್ದು 1994ರಲ್ಲಿ. ಶಾಲಾ ದಾಖಲೆಯಲ್ಲಿ ಜನನ 10-6-1926. ಆ ಲೆಕ್ಕಕ್ಕೆ ಬರುವ ಜೂನಿನಲ್ಲಿ ನೂರು ತುಂಬುತ್ತದೆ. ಅಷ್ಟರೊಳಗೆ ಬದುಕು–ಬರಹದ ಪುಸ್ತಕ ಆಗಬೇಕೆಂದು ಮನೆಯವರ ಆಸೆ. ಆದರೆ ಜಾತಕದಲ್ಲಿ ‘ಕ್ಷಯ ಸಂವತ್ಸರ, ಕೊಲ್ಲವರ್ಷ 1102, ಮಕರ ಮಾಸ 12, ಮಂಗಳವಾರ’ ಎಂದಿದೆ. ದೊಡ್ಡಪ್ಪ ಹೇಳುವಂತೆ ಅಜ್ಜ ಗೋವಿಂದ ಪೈಗಳ ಶಿಷ್ಯ, ಹದಿನಾಲ್ಕು ಭಾಷೆ ಬಲ್ಲವರು, ಈ ಕಡೆ ಮೊದಲು ಪ್ರಾಸ ಬಿಟ್ಟವರು. ಕಾಗದಕ್ಕೆ ಅಲ್ಲಲ್ಲಿ ಒರಲೆ ಹಿಡಿದಿದೆ. ಲ್ಯಾಮಿನೇಶನ್ ಮಾಡಿಸಿ ಎಂದು ಒಬ್ಬರು, ಎಲ್ಲ ಯಾವುದಾದರೂ ಕಾಲೇಜಿಗೆ ಕೊಟ್ಟುಬಿಡಿ ಎಂದು ಇನ್ನೊಬ್ಬರು, ಒಂದು ಚೀಟಿಯೂ ಮನೆಯಿಂದ ಹೊರಗೆ ಹೋಗಬಾರದು ಎಂದು ಮುಂಬಯಿಯ ಅತ್ತೆ. ನಾನು ಮಲಯಾಳ ಮಾಧ್ಯಮದಲ್ಲಿ ಕಲಿತವಳು. ಅಚ್ಚಿನ ಕನ್ನಡ ಓದುತ್ತೇನೆ, ಅಜ್ಜನ ಕೈಬರಹ ತಲೆಗೆ ಹೋಗುವುದಿಲ್ಲ. ಎಲ್ಲಿಂದ ಸುರು ಮಾಡಲಿ?

ಉತ್ತರ: ಅವಸರದಿಂದಲೇ ಸುರು ಮಾಡೋಣ. ಇಂಥ ಪುಸ್ತಕಗಳಲ್ಲಿ ಆಗುವ ತಪ್ಪುಗಳಲ್ಲಿ ಅರ್ಧಕ್ಕರ್ಧ ಹುಟ್ಟುವುದು ‘ಇಂಥ ತಾರೀಕಿನೊಳಗೆ ಬಿಡುಗಡೆ ಆಗಲೇಬೇಕು’ ಎಂಬುದರಿಂದ. ನಿಮ್ಮ ವಿಷಯದಲ್ಲಿ ಆ ತಾರೀಕೇ ಸರಿಯಿಲ್ಲ.

ಜಾತಕದ ಲೆಕ್ಕ ನೋಡಿ. ಕೊಲ್ಲವರ್ಷ ಎಂದರೆ ಮಲಯಾಳದ ವರ್ಷ, ಅದು ಬದಲಾಗುವುದು ಆಗಸ್ಟ್ ನಡುವೆ, ಚಿಂಙಂ ತಿಂಗಳ ಒಂದಕ್ಕೆ. ಅಲ್ಲಿಂದ ಡಿಸೆಂಬರ್ ಕೊನೆಯವರೆಗಿನ ದಿನಗಳಿಗೆ 824 ಕೂಡಿಸಬೇಕು, ಜನವರಿಯಿಂದ ಮುಂದಿನ ಆಗಸ್ಟ್ ನಡುವಿನವರೆಗೆ 825. ಮಕರ ಮಾಸ ಜನವರಿ 14ರ ಹೊತ್ತಿಗೆ ಹಿಡಿಯುವುದರಿಂದ 1102ಕ್ಕೆ 825 ಸೇರಿಸಿ, 1927 ಬಂತು. ಪ್ರಭವ ಸಂವತ್ಸರ ಸುರುವಾದದ್ದು 1927ರ ಯುಗಾದಿಗೆ. ಅದರ ಹಿಂದಿನದು ಕ್ಷಯ, 1926–27. ಇದೂ ಕೂಡಿ ಬಂತು. ಮಕರ 12 ಎಂದರೆ ಜನವರಿ 25. ಸಂಕ್ರಮಣ ಹಿಡಿಯುವ ಕ್ರಮದಲ್ಲಿ ತುಳುನಾಡಿಗೂ ಮಲೆಯಾಳಕ್ಕೂ ಒಂದು ದಿನದ ವ್ಯತ್ಯಾಸ ಬರುವುದುಂಟು, ಅದನ್ನು ತೀರ್ಮಾನಿಸುವುದು ವಾರ. 1927ರ ಜನವರಿ 25 ಮಂಗಳವಾರವೇ. ವರ್ಷ, ಸಂವತ್ಸರ, ತಿಂಗಳು, ವಾರ ನಾಲ್ಕೂ ಒಂದೇ ಕಡೆ ಬೆರಳು ತೋರಿಸುವಾಗ ಜಾತಕವನ್ನು ನಂಬಬಹುದು. ನಕ್ಷತ್ರವನ್ನೂ ಬರೆದಿರುತ್ತಾರೆ. ಹಳೆಯ ಪಂಚಾಂಗ ನೋಡಬಲ್ಲ ಜೋಯಿಸರಿದ್ದರೆ ಅದನ್ನೂ ತಾಳೆ ನೋಡಿಸಿ. ನೂರು ತುಂಬುವುದು 2027ರ ಜನವರಿಯಲ್ಲಿ, ನಿಮಗೆ ಏಳೂವರೆ ತಿಂಗಳು ಹೆಚ್ಚಿಗೆ ಸಿಕ್ಕಿತು.

ಹಾಗಾದರೆ ಶಾಲಾ ದಾಖಲೆ ಸುಳ್ಳೇ? ಸುಳ್ಳು ಎನ್ನುವುದಕ್ಕಿಂತ ಅದು ಬೇರೆ ಕೆಲಸದ ದಾಖಲೆ. ಶಾಲೆ ತೆರೆಯುವುದು ಜೂನಿನಲ್ಲಿ. ಮಗುವಿನ ಕೈಹಿಡಿದು ತಂದವರು ಹೇಳಿದ ಪ್ರಾಯಕ್ಕೆ ತಕ್ಕಂತೆ ಮುಖ್ಯೋಪಾಧ್ಯಾಯರು ಜೂನಿನದೊಂದು ತಾರೀಕು ಬರೆದುಕೊಳ್ಳುತ್ತಿದ್ದರು. ಆ ತಲೆಮಾರಿನ ಎಷ್ಟೋ ಜನರ ಜನ್ಮದಿನ ಶಾಲೆ ತೆರೆಯುವ ವಾರದಲ್ಲೇ ಬೀಳುವುದು ಇದರಿಂದ. ಆದರೂ ಅಜ್ಜನ ಉದ್ಯೋಗದ ಲೆಕ್ಕವೆಲ್ಲ ಆ ತಾರೀಕಿನ ಮೇಲೆಯೇ ನಡೆದಿದೆ. ಆಗ ಕೇರಳದಲ್ಲಿ ನಿವೃತ್ತಿ 55ಕ್ಕೆ, ಅಧ್ಯಾಪಕರಿಗೆ ಶಾಲಾವರ್ಷ ಮುಗಿಯುವವರೆಗೆ.  ಪುಸ್ತಕದಲ್ಲಿ ಜನನಕ್ಕೆ ಜಾತಕದ ದಿನ ಹಾಕಿ, ಶಾಲಾ ದಾಖಲೆಯದನ್ನು ಪಕ್ಕದಲ್ಲೇ ಹೇಳಿ. ಒಂದನ್ನು ಮುಚ್ಚಿಟ್ಟರೆ ಮುಂದೆ ಇನ್ನೊಂದನ್ನು ಕಂಡವರು ಯಾವುದು ಸರಿ ಎಂದು ತಲೆ ಕೆರೆದುಕೊಳ್ಳುತ್ತಾರೆ.

ಸಂವತ್ಸರದ ಹೆಸರು ಮಾತ್ರ ಇದ್ದ ಕಾಗದ ಸಿಕ್ಕರೆ ಎಚ್ಚರ, ಅದು ಅರುವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ಗೋವಿಂದ ಪೈಗಳ ‘ಚಿತ್ರಭಾನು’ ನಾಟಕದ ಹೆಸರೇ ಒಂದು ಸಂವತ್ಸರದ್ದು, 1942ರ ಚಳವಳಿಯ ವರ್ಷದ್ದು. ಪೈಗಳು ಹುಟ್ಟಿದ 1883ರ ಮಾರ್ಚ್ 23 ಕೂಡ ಆ ವರ್ಷದ ಯುಗಾದಿಗೆ ಮೊದಲು ಬಂದದ್ದರಿಂದ ಅದೂ ಚಿತ್ರಭಾನುವೇ, ಹಿಂದಿನ ಸುತ್ತಿನದು. ಅಜ್ಜನ ಪೆಟ್ಟಿಗೆಯಲ್ಲಿ ಅವರ ಅಪ್ಪನ ಕಾಲದ ಚೀಟಿಗಳೂ ಇರಬಹುದು.

ಇನ್ನು ಪೆಟ್ಟಿಗೆ. ತಗಡು ಮಳೆಗಾಲದಲ್ಲಿ ಒಳಗೊಳಗೇ ಬೆವರುತ್ತದೆ. ಜೂನಿನಿಂದ ಸೆಪ್ಟೆಂಬರದವರೆಗೆ ನಮ್ಮಲ್ಲಿ ಗಾಳಿಯ ತೇವ ಬೂಷ್ಟಿಗೆ ಬೇಕಾದ ಶೇ. 65ರ ಗಡಿ ಸಲೀಸಾಗಿ ದಾಟಿರುತ್ತದೆ. ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್) ತೆರೆದು ಹರವುವ ಕೆಲಸ ಬೇಡವೇ ಬೇಡ. ಡಿಸೆಂಬರಿನಿಂದ ಮಾರ್ಚಿನವರೆಗೆ ಒಳ್ಳೆಯ ಕಾಲ. ಚಾವಡಿಯಲ್ಲಿ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಒಂದು ಸಲಕ್ಕೆ ಒಂದೇ ಕಟ್ಟು ಹೊರತೆಗೆಯಿರಿ. ಬಿಸಿಲಿಗೆ ಹಾಕಬೇಡಿ. ಅಡಿಕೆ ಒಣಗಿಸುವ ಅಂಗಳದಲ್ಲೇ ಕಾಗದವನ್ನೂ ಒಣಗಿಸೋಣ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ, ಶಾಯಿ ಮಾಸುವುದೂ ಕಾಗದ ಗರಿಗರಿಯಾಗಿ ಮುರಿಯುವುದೂ ಅಲ್ಲಿಯೇ. ನೆರಳು, ಫ್ಯಾನಿನ ಗಾಳಿ ಸಾಕು.

ಮೊದಲ ದಿನ ವಿಂಗಡಿಸುವುದು ಬೇಡ. ಎಲ್ಲರೂ ಮಾಡುವ ತಪ್ಪು ಇದೇ. ಕವಿತೆ ಒಂದು ಕಡೆ, ಪತ್ರ ಒಂದು ಕಡೆ, ಲೆಕ್ಕಪುಸ್ತಕ ಒಂದು ಕಡೆ ಎಂದು ರಾಶಿ ಹಾಕಿದ ಕೂಡಲೇ ಅಜ್ಜ ಜೋಡಿಸಿಟ್ಟ ಕ್ರಮ ಕಳೆದುಹೋಗುತ್ತದೆ. ಪ್ರಸಂಗದ ಮೇಲಿನ ಟಿಪ್ಪಣಿಯ ನಡುವೆ ಒಂದು ಪೋಸ್ಟ್ ಕಾರ್ಡು ಸಿಕ್ಕಿಸಿದ್ದರೆ ಆ ಕಾರ್ಡಿನ ತಾರೀಕೇ ಟಿಪ್ಪಣಿಯ ಕಾಲಕ್ಕೂ ಸಾಕ್ಷಿ. ಪೆಟ್ಟಿಗೆ ತೆರೆದ ಕೂಡಲೇ ಮೇಲಿನಿಂದ ಒಂದು ಫೋಟೋ. ಆಮೇಲೆ ಪ್ರತಿ ಕಟ್ಟಿಗೂ ಪೆನ್ಸಿಲಿನಲ್ಲಿ ಬರೆದ ಚೀಟಿ: ಪೆ1–ಕ1, ಪೆ1–ಕ2, ಹೀಗೆ. ಕಟ್ಟಿನೊಳಗಿನ ಹಾಳೆಗಳಿಗೆ ಹಿಂಬದಿಯ ಮೂಲೆಯಲ್ಲಿ ಮೆತ್ತನೆಯ 2ಬಿ ಪೆನ್ಸಿಲಿನಿಂದ ಸಂಖ್ಯೆ. ಪೆನ್ನು, ಸೀಲು ಬೇಡ. ಲಕೋಟೆಯನ್ನು ಪತ್ರದಿಂದ ಬೇರೆ ಮಾಡಬೇಡಿ. ಅಂಚೆಮುದ್ರೆ ಇರುವುದು ಲಕೋಟೆಯ ಮೇಲೆ, ಪತ್ರದಲ್ಲಿ ಹೆಚ್ಚಾಗಿ ‘ಸೋಮವಾರ’ ಎಂದಷ್ಟೇ ಇರುತ್ತದೆ.

ತುಕ್ಕು ಹಿಡಿದ ಗುಂಡುಸೂಜಿಯನ್ನು ಎಳೆಯಬೇಡಿ. ಸೂಜಿಯ ಕೆಳಗೆ ದಪ್ಪ ಪ್ಲಾಸ್ಟಿಕ್ ತುಂಡು ತೂರಿಸಿ ನಿಧಾನ ಸಡಿಲಿಸಿ, ಬರದಿದ್ದರೆ ಬಿಡಿ. ಸೆಲ್ಲೋಟೇಪು ಹಚ್ಚಿದರೆ ಕೆಲವೇ ವರ್ಷಗಳಲ್ಲಿ ಅದರ ಅಂಟು ಕಂದು ಕಲೆಯಾಗಿ ಅಕ್ಷರಕ್ಕೆ ಇಳಿಯುತ್ತದೆ. ಮೈದಾ ಅಂಟು ಹುಳಕ್ಕೆ ಊಟ. ಲ್ಯಾಮಿನೇಶನ್ ಎಲ್ಲಕ್ಕಿಂತ ಕೆಟ್ಟದ್ದು. ಬಿಸಿಯಲ್ಲಿ ಕರಗಿದ ಪ್ಲಾಸ್ಟಿಕ್ ಕಾಗದದ ನಾರಿನೊಳಗೆ ಸೇರಿಕೊಳ್ಳುತ್ತದೆ, ಮುಂದೆ ಯಾವ ಸಂರಕ್ಷಕರಿಂದಲೂ ಸುರಕ್ಷಿತವಾಗಿ ಬಿಡಿಸಲು ಆಗುವುದಿಲ್ಲ. ಹರಿದ ಹಾಳೆಯನ್ನು ಹರಿದ ಹಾಗೆಯೇ ಬಿಳಿ ಕಾಗದದ ಮಡಿಕೆಯಲ್ಲಿಡಿ, ತುಣುಕುಗಳೂ ಅದರಲ್ಲೇ ಇರಲಿ. ಒದ್ದೆ ಬಟ್ಟೆಯಿಂದ ಒರೆಸುವ ಯೋಚನೆ ಬಂದರೆ ನೆನಪಿಡಿ: ಆ ಕಾಲದ ನೀಲಿ ಶಾಯಿಗಳಲ್ಲಿ ಹೆಚ್ಚಿನವು ನೀರಿಗೆ ಕರಗುತ್ತವೆ. ಕಾಪಿಂಗ್ ಪೆನ್ಸಿಲಿನಲ್ಲಿ ಬರೆದದ್ದು ನೋಡಲು ಮಾಮೂಲಿ ಪೆನ್ಸಿಲಿನ ಹಾಗೆಯೇ ಇರುತ್ತದೆ, ಒಂದು ಹನಿ ಬಿದ್ದರೆ ನೇರಳೆಯಾಗಿ ಹರಡುತ್ತದೆ. ಪತ್ರಿಕೆಯ ತುಣುಕುಗಳನ್ನು ಹಸ್ತಪ್ರತಿಗೆ ತಾಗಿಸಿಡಬೇಡಿ, ಆ ಅಗ್ಗದ ಕಾಗದದ ಆಮ್ಲ ಪಕ್ಕದ ಹಾಳೆಯನ್ನೂ ಕಂದಾಗಿಸುತ್ತದೆ.

ಒರಲೆ ಬಂದದ್ದು ಗೋಡೆಯಿಂದಲೋ ಮರದಿಂದಲೋ ಆಗಿರುತ್ತದೆ, ಕಾಗದದಲ್ಲಿ ಹುಟ್ಟಿದ್ದಲ್ಲ. ಪೆಟ್ಟಿಗೆಯನ್ನು ಗೋಡೆಯಿಂದ ಒಂದು ಗೇಣು ದೂರ, ಕಾಲಿರುವ ಹಲಗೆಯ ಮೇಲಿಡಿ. ಮಣ್ಣಿನ ದಾರಿ ಮತ್ತೆ ಕಟ್ಟಿದರೆ ಕಣ್ಣಿಗೆ ಬೀಳಲಿ. ಬಜೆ, ಬೇವಿನೆಲೆ ಇಡುವುದಾದರೆ ಬಟ್ಟೆಯ ಗಂಟಿನಲ್ಲಿ, ಕಾಗದಕ್ಕೆ ತಾಗದಂತೆ. ಅದು ಹುಳವನ್ನು ದೂರವಿಟ್ಟೀತೇ ಹೊರತು ಇದ್ದ ಹುಳವನ್ನು ಕೊಲ್ಲದು. ಪುಸ್ತಕದೊಳಗೆ ಜೀವಂತ ಹುಳ ಓಡಾಡುತ್ತಿದ್ದರೆ ಆ ಕಟ್ಟನ್ನು ಎರಡು ಪಾಲಿಥೀನ್ ಚೀಲಗಳಲ್ಲಿ ಗಾಳಿಯಾಡದಂತೆ ಕಟ್ಟಿ, ಮೈನಸ್ 18 ಡಿಗ್ರಿ ಮುಟ್ಟುವ ಡೀಪ್ ಫ್ರೀಜರಿನಲ್ಲಿ ಎರಡು ವಾರ ಇಡಿ. ಮನೆಯ ಫ್ರಿಜ್ಜಿನ ಐಸ್ ಖಾನೆಗೆ ಅಷ್ಟು ಶಕ್ತಿಯಿಲ್ಲ. ಹೊರತೆಗೆದ ಮೇಲೆ ಒಂದು ಇಡೀ ದಿನ ಚೀಲ ಬಿಚ್ಚಬಾರದು, ಬಿಚ್ಚಿದರೆ ತಣ್ಣನೆಯ ಕಾಗದದ ಮೇಲೆ ನೀರು ಕಟ್ಟುತ್ತದೆ. ತಾಳೆಗರಿ ಸಿಕ್ಕರೆ ಇದು ಯಾವುದನ್ನೂ ಮಾಡದೆ ಹಾಗೇ ಇಡಿ. ಲಿಪಿ ಮಲಯಾಳದ ಹಾಗೆ ಕಂಡೀತು, ನಿಮಗೆ ಮಲಯಾಳ ಬರುವುದರಿಂದ ಅರ್ಧ ಓದಲೂ ಬಂದೀತು. ಆದರೆ ನಮ್ಮ ಕಡೆಯ ಮನೆಗಳಲ್ಲಿ ಅದು ಹೆಚ್ಚಾಗಿ ತುಳುಲಿಪಿ, ಒಳಗಿರುವುದು ಸಂಸ್ಕೃತ. ಅಪರೂಪಕ್ಕೆ ತುಳು ಕಾವ್ಯವೇ ಇರುತ್ತದೆ. ವೆಂಕಟರಾಜ ಪುಣಿಂಚತ್ತಾಯರು ‘ಶ್ರೀ ಭಾಗವತೊ’ವನ್ನು ಬೆಳಕಿಗೆ ತಂದದ್ದು ಇಂಥ ಗರಿಗಳಿಂದ.

ಚಿತ್ರ ತೆಗೆಯಲು ದೊಡ್ಡ ಯಂತ್ರ ಬೇಕಿಲ್ಲ. ಸ್ಕ್ಯಾನರಿದ್ದರೆ ಸಾಮಾನ್ಯ ಹಾಳೆಗೆ 300 ಡಿಪಿಐ, ಮಾಸಿದ ಬರಹಕ್ಕೆ 400ರಿಂದ 600. ಕಪ್ಪುಬಿಳುಪು ಬೇಡ, ಬಣ್ಣದಲ್ಲೇ ತೆಗೆಯಿರಿ. ಮೊದಲು ಬರೆದ ಶಾಯಿ ಯಾವುದು, ತಿದ್ದಿದ ಶಾಯಿ ಯಾವುದು ಎಂಬುದು ಬಣ್ಣದಲ್ಲೇ ಗೊತ್ತಾಗುವುದು. ಎ4 ಅಳತೆಯ ಒಂದು ಪುಟ 300 ಡಿಪಿಐಯ ಟಿಫ್ ಕಡತದಲ್ಲಿ ಸುಮಾರು 26 ಎಂಬಿ, ಸಾವಿರ ಪುಟಕ್ಕೆ 26 ಜಿಬಿ. ಫೋನಿನಲ್ಲಾದರೆ ಫ್ಲಾಶ್ ಆರಿಸಿ, ಎರಡೂ ಬದಿಯಿಂದ ಓರೆಯಾಗಿ ಬೆಳಕು ಬೀಳಿಸಿ, ಪಕ್ಕದಲ್ಲಿ ಸ್ಕೇಲು ಇಡಿ. ಕಡತದ ಹೆಸರು ಕಟ್ಟಿನ ಸಂಖ್ಯೆಯೇ ಆಗಿರಲಿ. ‘ಅಜ್ಜ ಕವಿತೆ ಹೊಸದು 2’ ಎಂದು ಹೆಸರಿಟ್ಟರೆ ಆರು ತಿಂಗಳಲ್ಲಿ ನಿಮಗೇ ಗುರುತು ಸಿಗದು. ಮೂರು ಪ್ರತಿ ಮಾಡಿ, ಅದರಲ್ಲಿ ಒಂದು ಮುಂಬಯಿಯ ಅತ್ತೆಗೆ ಹೋಗಲಿ. ಅವರ ಚಿಂತೆ ಅರ್ಧ ಇಳಿಯುತ್ತದೆ.

ತಾರೀಕಿಲ್ಲದ ಕಾಗದಕ್ಕೆ ಕಾಲ ಹೇಳುವುದರಲ್ಲಿ ಕಾಸರಗೋಡಿನವರಿಗೊಂದು ಅನುಕೂಲ ಇದೆ: ನಮ್ಮ ವಿಳಾಸ ಪದೇ ಪದೇ ಬದಲಾಗಿದೆ. ‘ಸೌತ್ ಕೆನರಾ’ ಎಂದಿದ್ದರೆ ಹೆಚ್ಚಾಗಿ 1956ರ ನವೆಂಬರ್ 1ಕ್ಕಿಂತ ಮೊದಲು. ‘ಕ್ಯಾನನೂರ್ ಡಿಸ್ಟ್ರಿಕ್ಟ್, ಕೇರಳ’ ಎಂದಿದ್ದರೆ ಆಮೇಲಿನದು. ಕಾಸರಗೋಡೇ ಜಿಲ್ಲೆಯಾದದ್ದು 1984ರ ಮೇ 24ರಂದು. ಅಂಚೆಚೀಟಿಯಲ್ಲಿ ಆಣೆ ಇದ್ದರೆ 1957ರ ಏಪ್ರಿಲಿಗಿಂತ ಹಿಂದಿನ ಚೀಟಿ. ‘ನಯೇ ಪೈಸೆ’ ಇದ್ದರೆ 1957–64ರ ನಡುವೆ ಅಚ್ಚಾದದ್ದು, ಅಂಟಿಸಿದ್ದು ಸ್ವಲ್ಪ ತಡವಾಗಿಯೂ ಇರಬಹುದು. ಆರಂಕಿಯ ಪಿನ್‌ಕೋಡು 1972ರ ಆಗಸ್ಟ್ 15ಕ್ಕೆ ಮೊದಲು ಇರಲಿಲ್ಲ. ಪತ್ರದಲ್ಲಿ ಗೋವಿಂದ ಪೈಗಳನ್ನು ‘ರಾಷ್ಟ್ರಕವಿ’ ಎಂದು ಕರೆದಿದ್ದರೆ ಅದು ಮದರಾಸು ಸರಕಾರ ಆ ಗೌರವ ಕೊಟ್ಟ 1949ರಿಂದ ಈಚಿನದು. ಗಡಿ ವಿವಾದಕ್ಕೆಂದು ನೇಮಿಸಿದ ಮಹಾಜನ್ ಆಯೋಗದ ಮಾತು ಬಂದರೆ 1966ರ ನಂತರದ್ದು. ಅಧ್ಯಾಪಕರು ಕವಿತೆಯ ಕರಡು ಬರೆಯುತ್ತಿದ್ದದ್ದು ಹಳೆಯ ಪ್ರಶ್ನೆಪತ್ರಿಕೆ, ಶಾಲೆಯ ಸುತ್ತೋಲೆಗಳ ಹಿಂಬದಿಯಲ್ಲಿ. ಹಾಳೆ ತಿರುಗಿಸಿ ನೋಡಿ. ಸುತ್ತೋಲೆಯ ತಾರೀಕಿಗಿಂತ ಮೊದಲು ಆ ಕವಿತೆ ಅಲ್ಲಿ ಬಂದಿರಲು ಸಾಧ್ಯವಿಲ್ಲ. ಎಷ್ಟೋ ಸಲ ಕವಿತೆಗಿಂತ ಅದರ ಬೆನ್ನೇ ಹೆಚ್ಚು ಮಾತಾಡುತ್ತದೆ.

ಈಗ ದೊಡ್ಡಪ್ಪನ ಮೂರು ಮಾತು. ದೊಡ್ಡಪ್ಪ ಸುಳ್ಳು ಹೇಳುತ್ತಿಲ್ಲ, ಕೇಳಿದ್ದನ್ನು ಹೇಳುತ್ತಿದ್ದಾರೆ. ಆದರೆ ಮೂರೂ ಒಂದೇ ಜಾತಿಯ ಮಾತಲ್ಲ.

‘ಪ್ರಾಸ ಬಿಟ್ಟವರಲ್ಲಿ ಮೊದಲಿಗರು’ ಎಂಬುದು ನಿಲ್ಲುವುದಿಲ್ಲ. ಸಾಲುಸಾಲಿನ ಎರಡನೇ ಅಕ್ಷರದಲ್ಲಿ ಒಂದೇ ವ್ಯಂಜನ ಬರಬೇಕೆಂಬ ಕಟ್ಟನ್ನು ಗೋವಿಂದ ಪೈಗಳು ಬಿಟ್ಟದ್ದು 1911ರಲ್ಲಿ. ಅಜ್ಜ ಹುಟ್ಟಲು ಇನ್ನೂ ಹದಿನಾರು ವರ್ಷ ಇತ್ತು. ಈ ವಾಕ್ಯವನ್ನು ಪುಸ್ತಕದಲ್ಲಿ ಹಾಕಿದರೆ ಮೊದಲ ಪುಟದಲ್ಲೇ ತಿಳಿದವರ ವಿಶ್ವಾಸ ಹೋಗುತ್ತದೆ. ಅದರ ಬದಲು ಕೇಳಬೇಕಾದ ಪ್ರಶ್ನೆ ಬೇರೆ: ಪ್ರಾಸ ಬಿಡಲು ಯಾರ ಅಡ್ಡಿಯೂ ಇಲ್ಲದಿದ್ದ ಕಾಲದಲ್ಲಿ ಬರೆಯತೊಡಗಿದ ಅಜ್ಜ ಅದನ್ನು ಯಾವ ಕವಿತೆಯಲ್ಲಿ ಇಟ್ಟುಕೊಂಡರು, ಯಾವುದರಲ್ಲಿ ಬಿಟ್ಟರು? 1950ರ ದಶಕದಲ್ಲಿ ನವ್ಯ ಕಾವ್ಯ ಬಂದಾಗ ಛಂದಸ್ಸಿನ ಲೆಕ್ಕ ಬದಲಾಯಿತೇ, ಅಥವಾ ಪ್ರಸಂಗಗಳ ಒಡನಾಟದಿಂದ ಪದ್ಯದ ತಾಳ ಹಾಗೇ ಉಳಿಯಿತೇ? ಎರಡು ಸಂಕಲನಗಳನ್ನು ಅಕ್ಕಪಕ್ಕ ಇಟ್ಟು ಪ್ರತಿ ಕವಿತೆಗೂ ಪ್ರಾಸ ಇದೆ–ಇಲ್ಲ, ಮಾತ್ರೆಯ ಗಣ ಮೂರೋ ನಾಲ್ಕೋ ಐದೋ ಎಂದು ಒಂದು ಪಟ್ಟಿ ಮಾಡಿ. ಎರಡು ದಿನದ ಕೆಲಸ. ‘ಮೊದಲಿಗರು’ ಎನ್ನುವುದಕ್ಕಿಂತ ಎಷ್ಟೋ ಗಟ್ಟಿಯಾದ ಮಾತು ಅದರಿಂದ ಹೊರಡುತ್ತದೆ.

‘ಶಿಷ್ಯ’ ಎಂಬುದು ಸಡಿಲ ಮಾತು. ಪೈಗಳು ಮಂಜೇಶ್ವರದಲ್ಲಿ ತರಗತಿ ನಡೆಸುತ್ತಿದ್ದವರಲ್ಲ. ಅವರ ಮನೆಗೆ ಹೋಗಿ ಪುಸ್ತಕ ನೋಡಿದವರು, ಸಂದೇಹ ಕೇಳಿ ಕಾಗದ ಬರೆದವರು, ದೂರದಿಂದ ಗುರು ಎಂದುಕೊಂಡವರು ಎಲ್ಲರನ್ನೂ ಆಮೇಲೆ ಶಿಷ್ಯರೆಂದೇ ಕರೆದರು. ಪೈಗಳು ತೀರಿಕೊಂಡದ್ದು 1963ರ ಸೆಪ್ಟೆಂಬರ್ 6ರಂದು. ಆಗ ಅಜ್ಜನಿಗೆ 36, ಭೇಟಿ ಆಗಿರಬಾರದೆಂದೇನೂ ಇಲ್ಲ. ಪತ್ರ ಸಿಕ್ಕಿದರೆ ‘ಪತ್ರ ವ್ಯವಹಾರ ಇತ್ತು’ ಎನ್ನಿ, ಪೈಗಳ ಮುನ್ನುಡಿ ಇದ್ದರೆ ‘ಮುನ್ನುಡಿ ಬರೆದರು’ ಎನ್ನಿ. ಏನೂ ಸಿಗದಿದ್ದರೆ ‘ಮನೆಯವರ ನೆನಪಿನಂತೆ’ ಎಂದು ಸೇರಿಸಿ ಬರೆಯಿರಿ. ಪೈಗಳ ಗ್ರಂಥಭಂಡಾರ ಈಗ ಇರುವುದು ಉಡುಪಿಯ ಎಂಜಿಎಂ ಕಾಲೇಜಿನ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರದಲ್ಲಿ. ಅಜ್ಜ ಬರೆದ ಕಾಗದ ಅಲ್ಲಿದೆಯೇ ಎಂದು ವಿಚಾರಿಸಿ. ಪತ್ರವ್ಯವಹಾರದ ಅರ್ಧ ಯಾವಾಗಲೂ ಇನ್ನೊಬ್ಬರ ಮನೆಯಲ್ಲಿರುತ್ತದೆ.

ಭಾಷೆಗಳ ಸಂಖ್ಯೆಯದು ಹಳೆಯ ಚಾಳಿ. ಪೈಗಳ ಬಗ್ಗೆಯೇ ಒಬ್ಬೊಬ್ಬರು ಒಂದೊಂದು ಸಂಖ್ಯೆ ಬರೆದಿದ್ದಾರೆ. ನಮ್ಮ ತಾಲೂಕಿನಲ್ಲಿ ಅಂಗಡಿಗೆ ಹೋಗಿಬರುವವನಿಗೂ ಕನ್ನಡ, ತುಳು, ಮಲಯಾಳ, ಕೊಂಕಣಿ, ಬ್ಯಾರಿ, ಮರಾಠಿ ಎಂದು ಆರು ಸುಲಭವಾಗಿ ಆಗುತ್ತವೆ, ಅದರ ಮೇಲೆ ಶಾಲೆಯ ಇಂಗ್ಲಿಷು, ಹಿಂದಿ, ಸಂಸ್ಕೃತ. ಹದಿನಾಲ್ಕು ಎಂಬುದು ಹುಟ್ಟುವುದು ಹೀಗೆ. ಸಂಖ್ಯೆ ಬಿಡಿ. ಯಾವುದರಲ್ಲಿ ಮಾತಾಡುತ್ತಿದ್ದರು, ಯಾವುದನ್ನು ಓದುತ್ತಿದ್ದರು, ಯಾವುದರಿಂದ ಅನುವಾದ ಮಾಡಿದ್ದಾರೆ ಎಂದು ಬೇರೆ ಬೇರೆ ಬರೆಯಿರಿ. ಪುಸ್ತಕದ ಅಂಚಿನಲ್ಲಿ ಪೆನ್ಸಿಲ್ ಗುರುತಿರುವ ಒಂದು ಬಂಗಾಳಿ ವ್ಯಾಕರಣ ಸಿಕ್ಕಿದರೆ ಅದು ‘ಹದಿನಾಲ್ಕು’ ಎಂಬುದಕ್ಕಿಂತ ದೊಡ್ಡ ಸಾಕ್ಷಿ. ಬಿರುದುಗಳಿಗೂ ಇದೇ ಮಾತು. ‘ವಿದ್ವಾನ್’ ಎಂದರೆ ಮದರಾಸು ವಿಶ್ವವಿದ್ಯಾಲಯದ ಪರೀಕ್ಷೆಯೇ, ಯಾವುದಾದರೂ ಮಠದವರು ಶಾಲು ಹೊದೆಸಿ ಕೊಟ್ಟದ್ದೇ? ‘ರತ್ನ’ ಎಂದರೆ ಕನ್ನಡ ಸಾಹಿತ್ಯ ಪರಿಷತ್ತಿನ ಕಾವ–ಜಾಣ–ರತ್ನ ಪರೀಕ್ಷೆಯದೇ? ‘ವಿಶಾರದ’ ಹಿಂದಿ ಪ್ರಚಾರ ಸಭೆಯದೇ? ಪ್ರಮಾಣಪತ್ರ ನೋಡಿ ಬರೆಯಿರಿ. ಪರೀಕ್ಷೆ ಕಟ್ಟಿ ಪಾಸಾದದ್ದು ಸನ್ಮಾನಕ್ಕಿಂತ ಕಡಿಮೆಯೇನಲ್ಲ.

ಉದ್ಯೋಗದ ದಾಖಲೆಗೆ ಮೊದಲು ಮನೆಯಲ್ಲೇ ಪಿಂಚಣಿ ಆದೇಶದ ಪ್ರತಿ ಹುಡುಕಿ. ಸೇವೆಗೆ ಸೇರಿದ ದಿನ, ಬಿಟ್ಟುಹೋದ ಅವಧಿ ಎಲ್ಲ ಅದರಿಂದ ಹಿಡಿಯಬಹುದು. ಸಿಗದಿದ್ದರೆ ಶಾಲೆಯ ಹಳೆಯ ಹಾಜರಿ–ಸಂಬಳದ ಪುಸ್ತಕ, ಆಮೇಲೆ ಉಪಜಿಲ್ಲಾ ಶಿಕ್ಷಣ ಕಚೇರಿ. ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ. ‘ಅವಧಿ ಮೀರಿದ್ದರಿಂದ ಕಡತ ವಿಲೇವಾರಿಯಾಗಿದೆ’ ಎಂಬ ಉತ್ತರ ಬಂದರೆ ಆಶ್ಚರ್ಯಪಡಬೇಡಿ. 1956ಕ್ಕೆ ಮೊದಲಿನದು ಮದರಾಸು ರಾಜ್ಯದ ದಕ್ಷಿಣ ಕನ್ನಡದ ದಾಖಲೆ, 1984ರವರೆಗಿನದು ಕಣ್ಣೂರು ಜಿಲ್ಲೆಯದು. ಕಾಸರಗೋಡಿನ ಕಚೇರಿಯಲ್ಲಿ ಇಲ್ಲವೆಂದರೆ ಎಲ್ಲೂ ಇಲ್ಲವೆಂದು ಅರ್ಥವಲ್ಲ.

ಪುಸ್ತಕದ ಬೆನ್ನೆಲುಬು ಬರಹಗಳ ಪಟ್ಟಿ. ಇದು ಮಾಡಿದ ಮೇಲೆಯೇ ಜೀವನದ ಕತೆ. ಪ್ರತಿಯೊಂದಕ್ಕೂ ಹೆಸರು, ಪತ್ರಿಕೆ, ಸಂಪುಟ–ಸಂಚಿಕೆ, ತಾರೀಕು, ಪುಟ, ಯಾವ ಹೆಸರಲ್ಲಿ ಬರೆದರು ಎಂಬುದು ಬೇಕು. ಪಂಡಿತರು ಕಾವ್ಯನಾಮ ಇಟ್ಟುಕೊಳ್ಳುವುದೂ ಊರ ಹೆಸರಿನ ಮೊದಲಕ್ಷರ ಮಾತ್ರ ಹಾಕುವುದೂ ಮಾಮೂಲು. ಮಂಗಳೂರಿನ ವಾರಪತ್ರಿಕೆಗಳಲ್ಲಿ, ‘ಪ್ರಬುದ್ಧ ಕರ್ನಾಟಕ’ದಲ್ಲಿ, ಪರಿಷತ್ಪತ್ರಿಕೆಯಲ್ಲಿ, 1970ರ ನಂತರವಾದರೆ ‘ಉದಯವಾಣಿ’ಯಲ್ಲಿ ಹುಡುಕಿ. ಪತ್ರಿಕೆಯಿಂದ ಕತ್ತರಿಸಿಟ್ಟ ತುಣುಕಿನಲ್ಲಿ ಹೆಸರು, ತಾರೀಕು ಹೆಚ್ಚಾಗಿ ಕತ್ತರಿಗೆ ಹೋಗಿರುತ್ತದೆ. ಹಿಂಬದಿಯ ಜಾಹೀರಾತು, ಸಿನೆಮಾದ ಹೆಸರು, ಅಡಿಕೆ ಧಾರಣೆ ನೋಡಿ ವರ್ಷ ಹಿಡಿಯಬಹುದು. ಮದರಾಸು ಕಾಲದಲ್ಲಿ ಅಚ್ಚಾದ ಪುಸ್ತಕಗಳಿಗೆ ಇನ್ನೊಂದು ದಾರಿ ಇದೆ. 1867ರ ಮುದ್ರಣ–ಪುಸ್ತಕ ನೋಂದಣಿ ಕಾಯಿದೆಯಂತೆ ಪ್ರಾಂತದಲ್ಲಿ ಅಚ್ಚಾದ ಪುಸ್ತಕಗಳ ಪಟ್ಟಿ ಮೂರು ತಿಂಗಳಿಗೊಮ್ಮೆ ಪ್ರಕಟವಾಗುತ್ತಿತ್ತು. ಚೆನ್ನೈಯ ಎಗ್ಮೋರಿನಲ್ಲಿರುವ ಸರಕಾರಿ ದಫ್ತರಖಾನೆಯಲ್ಲಿ ಅವನ್ನು ಕೇಳಿ ನೋಡಬಹುದು. ಪಕ್ಕದ ಕನ್ನೆಮರಾ ಗ್ರಂಥಾಲಯವನ್ನೂ ಬಿಡಬೇಡಿ.

ಕವಿಯನ್ನೂ ಸಂಶೋಧಕನನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಕವಿತೆಗೆ ವಯಸ್ಸಾಗದೆ ಇದ್ದೀತು, ಸಂಶೋಧನೆಗೆ ಆಗಿಯೇ ಆಗುತ್ತದೆ. ಹೊಸ ಶಾಸನ, ಹೊಸ ಓಲೆ ಸಿಕ್ಕಿದಾಗ ಹಳೆಯ ತೀರ್ಮಾನ ಬೀಳುತ್ತದೆ, ಅದರಿಂದ ಬರೆದವರ ಮಾನ ಹೋಗುವುದಿಲ್ಲ. ಈಜಿಪ್ಟಿನ ಆಕ್ಸಿರಿಂಕಸಿನಲ್ಲಿ ಸಿಕ್ಕಿ 1903ರಲ್ಲಿ ಅಚ್ಚಾದ ಗ್ರೀಕ್ ಪ್ರಹಸ‌ನದಲ್ಲಿ ಬರುವ ಅಪರಿಚಿತ ಮಾತುಗಳು ಕನ್ನಡ ಎಂದು ಮರುವರ್ಷವೇ ಹುಲ್ಷ್ ಎಂಬ ವಿದ್ವಾಂಸರು ಹೇಳಿದರು. ಶಾಮಶಾಸ್ತ್ರಿಗಳೂ ಗೋವಿಂದ ಪೈಗಳೂ ಅದನ್ನು ಬಿಡಿಸಲು ಹೊರಟರು. ಎಲ್ಲರೂ ಒಪ್ಪಿದ ಓದು ಇವತ್ತಿಗೂ ಇಲ್ಲ. ಆದರೂ ಪೈಗಳ ವಿದ್ವತ್ತಿನ ಮಾತು ಬಂದಾಗ ಅದನ್ನು ಬಿಡುವಂತಿಲ್ಲ. ನಿಮ್ಮ ಅಜ್ಜ ಯಕ್ಷಗಾನ ಪ್ರಸಂಗಕರ್ತನೆಂದು ಹೆಸರಾದ ಪಾರ್ತಿಸುಬ್ಬನ ಬಗ್ಗೆ ಬರೆದಿದ್ದರೆ, ಕುಂಬಳೆ ಸೀಮೆಯವರು ಅದನ್ನು ಬಿಡುವುದು ಅಪರೂಪ, ಪ್ರಸಂಗಗಳು ಅವನವೇ ಹೌದೋ ಅಲ್ಲವೋ ಎಂಬ ವಾದದಲ್ಲಿ ಅವರು ಮುಳಿಯ ತಿಮ್ಮಪ್ಪಯ್ಯನವರ ಪಕ್ಷವೋ ಶಿವರಾಮ ಕಾರಂತರ ಪಕ್ಷವೋ, ಬರೆದ ಹೊತ್ತಿಗೆ ಅವರ ಕೈಯಲ್ಲಿ ಯಾವ ಓಲೆ ಇತ್ತು ಎಂದು ನೋಡಿ ಹೇಳಿ. ‘ಅಮೂಲ್ಯ ಕೊಡುಗೆ’ ಎಂದರೆ ಏನನ್ನೂ ಹೇಳಿದಂತಾಗಲಿಲ್ಲ.

ಕಾಸರಗೋಡು ಕರ್ನಾಟಕಕ್ಕೆ ಸೇರಬೇಕೆಂಬ ಚಳವಳಿಯ ಬಗ್ಗೆ ನೀವು ಕೇಳಿಲ್ಲ, ಆದರೆ ಆ ತಲೆಮಾರಿನ ಕನ್ನಡ ಪಂಡಿತರ ಪೆಟ್ಟಿಗೆಯಲ್ಲಿ ಅದು ಇಲ್ಲದಿರುವುದಿಲ್ಲ. ಕೆಲವರು ಅದನ್ನೇ ಇಡೀ ಪುಸ್ತಕ ಮಾಡುತ್ತಾರೆ, ಕೆಲವರು ಯಾಕೆ ಬೇಕು ಎಂದು ಪೂರ್ತಿ ಬಿಡುತ್ತಾರೆ. ಅವರು ಮಾಡಿದ್ದಷ್ಟನ್ನೇ ಹೇಳಿ. ಸಭೆಗೆ ಹೋದರೇ, ಕವಿತೆ ಬರೆದರೇ, ಅರ್ಜಿಗೆ ಸಹಿ ಹಾಕಿದರೇ? ಕೇರಳ ಸರಕಾರದ ಸಂಬಳದಲ್ಲಿದ್ದವರು ಆಗ ಬಾಯಿ ಬಿಡದೆ ಇದ್ದರೆ ಅದೂ ಚರಿತ್ರೆಯೇ. ಜೊತೆಗೆ ಮಲಯಾಳದ ಸಹೋದ್ಯೋಗಿಗಳ ಪತ್ರಗಳಿದ್ದರೆ ಅವನ್ನು ಪಕ್ಕಕ್ಕೆ ಸರಿಸಬೇಡಿ. ಅವುಗಳನ್ನು ನೀವೇ ಓದಬಲ್ಲಿರಿ, ಆ ಕೆಲಸಕ್ಕೆ ನಿಮಗಿಂತ ತಕ್ಕವರು ಮನೆಯಲ್ಲಿ ಇರಲಿಕ್ಕಿಲ್ಲ.

ಹಕ್ಕುಸ್ವಾಮ್ಯವನ್ನು ಹೆಚ್ಚಿನವರು ಕೊನೆಗೆ ನೆನಪಿಸಿಕೊಳ್ಳುತ್ತಾರೆ. ಲೇಖಕರು ತೀರಿಕೊಂಡ ವರ್ಷದ ಮರುವರ್ಷದಿಂದ ಅರುವತ್ತು ವರ್ಷ. ಅಜ್ಜನ ಅಚ್ಚಾದ ಕೃತಿಗಳಿಗೆ ಅದು 2054ರ ಡಿಸೆಂಬರ್ 31ರವರೆಗೆ. ಅವರು ಮರಣಪತ್ರದಲ್ಲಿ ಬೇರೆ ಬರೆದಿಲ್ಲದಿದ್ದರೆ ಹಕ್ಕು ವಾರಸುದಾರರೆಲ್ಲರದೂ. ದೊಡ್ಡಪ್ಪ ಒಬ್ಬರ ಒಪ್ಪಿಗೆ ಸಾಲದು, ಮುಂಬಯಿಯ ಅತ್ತೆಯ ಸಹಿಯೂ ಬೇಕು. ಹೆಣ್ಣುಮಕ್ಕಳನ್ನು ಕೇಳದೆ ಅಚ್ಚು ಹಾಕಿಸಿ ಆಮೇಲೆ ಮಾತು ಕೆಟ್ಟ ಮನೆಗಳು ಕಡಿಮೆಯಿಲ್ಲ. ಅಜ್ಜನಿಗೆ ಬಂದ ಪತ್ರಗಳಲ್ಲಿ ಕಾಗದ ನಿಮ್ಮದು, ಮಾತು ಬರೆದವರದು. ಗೋವಿಂದ ಪೈಗಳು ತಮ್ಮ ಕಾಲದಲ್ಲಿ ಪ್ರಕಟಿಸಿದ ಕೃತಿಗಳ ಹಕ್ಕು 2023ರ ಕೊನೆಗೆ ಮುಗಿದಿದೆ. ಆದರೆ ಎಂದೂ ಅಚ್ಚಾಗದ ಅವರ ಪತ್ರಕ್ಕೆ ಆ ಲೆಕ್ಕ ಬರುವುದಿಲ್ಲ. ಮರಣದ ನಂತರ ಮೊದಲ ಬಾರಿ ಪ್ರಕಟವಾಗುವುದಕ್ಕೆ ಅರುವತ್ತು ವರ್ಷ ಎಣಿಸುವುದು ಪ್ರಕಟವಾದ ಮೇಲೆ. ಇಡೀ ಪತ್ರ ಹಾಕುವುದಾದರೆ ಅವರ ವಾರಸುದಾರರ ಒಪ್ಪಿಗೆ ಕೇಳಿ.

ಪೆಟ್ಟಿಗೆಯನ್ನು ಯಾರಿಗಾದರೂ ಕೊಡಬೇಕೇ? ಮನೆಯಲ್ಲಿಟ್ಟರೆ ಮುಂದಿನ ತಲೆಮಾರಿಗೆ ಅಟ್ಟವೂ ಇರದು, ಕನ್ನಡ ಓದುವವರೂ ಇರದೆ ಇರಬಹುದು. ಕೊಟ್ಟರೆ ಗೋಣಿಯಲ್ಲಿ ಕಟ್ಟಿ ಮೂಲೆಗೆ ಸರಿಸಿಬಿಡುವ ಅಪಾಯ ಇದೆ. ಸಂಸ್ಥೆಯ ಹೆಸರು ನೋಡಿ ತೀರ್ಮಾನಿಸಬೇಡಿ, ಅವರು ಈಗಾಗಲೇ ತೆಗೆದುಕೊಂಡ ಇನ್ನೊಬ್ಬರ ಸಂಗ್ರಹವನ್ನು ನೋಡಿ ಬನ್ನಿ. ಪಟ್ಟಿ ಆಗಿದೆಯೇ, ಕೇಳಿದ ಕಟ್ಟು ಅರ್ಧ ಗಂಟೆಯಲ್ಲಿ ಮೇಜಿಗೆ ಬಂತೇ? ಉಡುಪಿಯ ಕೇಂದ್ರ, ತಾಳೆಗರಿಗಾದರೆ ಉಜಿರೆಯ ಸಂಗ್ರಹ, ಹತ್ತಿರಕ್ಕೆ ಕಾಸರಗೋಡು ಸರಕಾರಿ ಕಾಲೇಜಿನ ಕನ್ನಡ ವಿಭಾಗ, ಎಲ್ಲ ಕಡೆ ಮಾತಾಡಿ ನೋಡಿ. ಕೊಡುವುದಾದರೆ ಹಾಳೆಸಂಖ್ಯೆ ಸಹಿತ ಪಟ್ಟಿ ಎರಡು ಪ್ರತಿ, ಎರಡೂ ಕಡೆಯ ಸಹಿ. ದಾನವೋ ಇರಿಸಲು ಕೊಟ್ಟದ್ದೋ, ಹಕ್ಕುಸ್ವಾಮ್ಯ ಯಾರದು, ಮನೆಯವರು ಬಂದಾಗ ನೋಡಬಹುದೇ ಎಂಬುದೆಲ್ಲ ಬರವಣಿಗೆಯಲ್ಲಿರಲಿ. ಚಿತ್ರ ತೆಗೆಯುವ ಮೊದಲು ಒಂದು ಹಾಳೆಯನ್ನೂ ಕೊಡಬೇಡಿ. ಅಷ್ಟರ ಮಟ್ಟಿಗೆ ಅತ್ತೆ ಹೇಳಿದ್ದು ಸರಿ.

2027ರ ಜನವರಿಗೆ ಏನು ಸಾಧ್ಯ? ಪೂರ್ಣ ಜೀವನಚರಿತ್ರೆ ಆಗದು, ಪ್ರಯತ್ನಿಸಿದರೆ ಹೊಗಳಿಕೆಯ ಲೇಖನಗಳ ಸಂಚಿಕೆಯಾಗುತ್ತದೆ. ಸಮಗ್ರ ಕವಿತೆಗಳೂ ಬೇಡ. ಅಚ್ಚಾದ ಪಾಠ, ಅಜ್ಜ ಆಮೇಲೆ ತಮ್ಮದೇ ಪ್ರತಿಯಲ್ಲಿ ತಿದ್ದಿದ ಪಾಠ, ಕರಡು ಮೂರನ್ನೂ ಹೋಲಿಸದೆ ಸಮಗ್ರ ಎನ್ನುವಂತಿಲ್ಲ. ಆಗಬಹುದಾದದ್ದು ಡೆಮಿ ಅಷ್ಟದಳದ 112 ಪುಟ, ಅಂದರೆ ಹದಿನಾರು ಪುಟದ ಏಳು ಫಾರಂ. ಅದರಲ್ಲಿ ಹತ್ತು ಪುಟ ಕಾಲಸೂಚಿ, ಇಪ್ಪತ್ತು ಪುಟ ಬರಹಗಳ ಪಟ್ಟಿ, ಮೂವತ್ತು ಪುಟದ ಜೀವನ, ಉಳಿದದ್ದಕ್ಕೆ ಆಯ್ದ ಕವಿತೆ ಮತ್ತು ಎರಡೋ ಮೂರೋ ಲೇಖನ. ಮುನ್ನೂರು ಪ್ರತಿ ಧಾರಾಳ. ‘ನುಡಿ’ಯೋ ‘ಬರಹ’ವೋ ಎಂಬ ಕನ್ನಡ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿಸಿ ಯೂನಿಕೋಡಿಗೆ ತಿರುಗಿಸಿದರೆ ಒತ್ತಕ್ಷರ, ಅರ್ಕಾವತ್ತು ಜಾಗ ಬದಲಿಸುತ್ತವೆ. ಹಳಗನ್ನಡದ ಉದ್ಧರಣೆಯಲ್ಲಿ ಱ, ೞ ಮಾಯವಾಗುತ್ತವೆ. ಕರಡು ತಿದ್ದುವವರು ಮೂಲದ ಚಿತ್ರವನ್ನು ಎದುರಿಗಿಟ್ಟುಕೊಂಡೇ ಓದಲಿ.

ಅಜ್ಜನ ಕೈಬರಹ ಓದಲು ಬಾರದೆಂದಿರಿ. ಬೀಗದ ಕೈ ಮನೆಯಲ್ಲೇ ಇದೆ. ಅಚ್ಚಾದ ಸಂಕಲನದ ಒಂದು ಕವಿತೆಯ ಕರಡನ್ನು ಪೆಟ್ಟಿಗೆಯಲ್ಲಿ ಹುಡುಕಿ, ಅಚ್ಚಿನ ಪುಟವನ್ನು ಪಕ್ಕದಲ್ಲಿಟ್ಟು ಅಕ್ಷರಕ್ಕೆ ಅಕ್ಷರ ಹೋಲಿಸಿ. ಅವರು ‘ಪ’ ಮತ್ತು ‘ವ’ವನ್ನು ಹೇಗೆ ಬೇರೆ ಮಾಡುತ್ತಿದ್ದರು, ‘ರ’ ಒತ್ತನ್ನು ಎಲ್ಲಿ ಎಳೆಯುತ್ತಿದ್ದರು, ಅನುಸ್ವಾರ ಇಡುತ್ತಿದ್ದರೋ ಬಿಡುತ್ತಿದ್ದರೋ ಎಂದು ಒಂದು ಹಾಳೆಯಲ್ಲಿ ಗುರುತು ಮಾಡಿಕೊಳ್ಳಿ. ನಾಲ್ಕೈದು ಕವಿತೆ ಹೀಗೆ ಮಾಡಿದ ಮೇಲೆ ಅಚ್ಚಾಗದ ಒಂದನ್ನು ಎತ್ತಿಕೊಳ್ಳಿ. ಗೊತ್ತಾಗದ ಅಕ್ಷರಕ್ಕೆ ಊಹೆ ತುಂಬಬೇಡಿ, ಆ ಜಾಗದಲ್ಲಿ ಚೌಕ ಕಂಸ ಹಾಕಿ ಮುಂದೆ ಹೋಗಿ. ಹತ್ತು ಪುಟ ದಾಟಿ ಹಿಂದೆ ಬಂದಾಗ ಅದರಲ್ಲಿ ಅರ್ಧ ತಾನಾಗಿ ಬಿಡಿಸಿಕೊಂಡಿರುತ್ತದೆ.